ನವೆಂಬರ್ ಒಂದರ ಕುಂಕುಮ

ಆ ಬೆಳಿಗ್ಗೆ ನಾನು ವಿಧವೆಯಾಗಿದ್ದೆ. ನನಗದು ಗೊತ್ತಿತ್ತು. ಗೊತ್ತಿದ್ದೇ ಹಣೆಯ ಕುಂಕುಮವನ್ನು ಇನ್ನಷ್ಟು ಅಗಲ ಮಾಡಿಕೊಂಡು, ಊರೆಲ್ಲ ನೆರೆದ ಚಪ್ಪರದ ಕೆಳಗೆ ನಿಂತು, ತಾಯಿ ಭುವನೇಶ್ವರಿಯ ಪಟಕ್ಕೆ ಮೊದಲ ಆರತಿ ಬೆಳಗಿದೆ.

ನೀವು ಬಾಗಲಕೋಟೆಯ ಹಳೆಯ ಮಂದಿಯಾಗಿದ್ದರೆ ಈ ಕತೆಯನ್ನು ಬೇರೆ ಬಗೆಯಲ್ಲಿ ಕೇಳಿದ್ದೀರಿ. ಕನ್ನಡನಾಡು ಒಂದಾದ ದಿನ ಹೆಣ್ಣುಮಕ್ಕಳ ಶಾಲೆಯ ಶಾಂತವ್ವ ಅಕ್ಕೋರು ಐದು ಮುತ್ತೈದೆಯರ ಮುಂದಾಳಾಗಿ ಆರತಿ ಬೆಳಗಿದರು, ಅವರು ತಾಟು ಕೆಳಗಿಟ್ಟ ಗಳಿಗೆಗೆ ಸರಿಯಾಗಿ ಅತ್ತ ಸೊಲ್ಲಾಪುರದಲ್ಲಿ ಗಂಡ ಪ್ರಾಣ ಬಿಟ್ಟ, ತಾಯಿ ತನ್ನ ಆರತಿ ಮುಗಿಯುವವರೆಗೆ ಅವರ ಮುತ್ತೈದೆತನ ಕಾಯ್ದಳು — ಇದು ನೀವು ಕೇಳಿದ ಕತೆ. ಪ್ರತಿ ನವೆಂಬರ್ ಒಂದಕ್ಕೆ ಯಾರಾದರೊಬ್ಬರು ವೇದಿಕೆ ಹತ್ತಿ ಇದನ್ನು ಹೇಳುತ್ತಾರೆ, ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಅಪ್ಪಟ ಸುಳ್ಳು ಅದು. ಅದಕ್ಕೆ ಬುನಾದಿ ಹಾಕಿದವಳು ನಾನು.

ಇದನ್ನು ಓದಿ ನಿಮ್ಮಲ್ಲಿ ಕೆಲವರು ಗಲ್ಲ ಗಲ್ಲ ಬಡಿದುಕೊಳ್ಳುತ್ತೀರಿ, ಅಪಶಕುನ ಮಾಡಿದಳು ಎನ್ನುತ್ತೀರಿ. ನಾಡಿಗೆ ಇನ್ನೂ ಎಷ್ಟೋ ವರ್ಷ ‘ಮೈಸೂರು’ ಎಂಬ ಹೆಸರೇ ಅಂಟಿಕೊಂಡಿತ್ತಲ್ಲ, ಅದಕ್ಕೂ ನನ್ನ ಬೋಳು ಹಣೆಯೇ ಕಾರಣ ಎಂದು ಬೇಕಾದರೆ ಹೇಳಿಕೊಳ್ಳಿ. ಆರತಿ ಎತ್ತಿದ್ದಕ್ಕೆ ಊರಿನ ಕ್ಷಮೆ ನಾನು ಕೇಳುವುದಿಲ್ಲ. ಹಿಂದೆಯೂ ಕೇಳಿಲ್ಲ, ಈಗಲೂ ಇಲ್ಲ. ನಾನು ತಪ್ಪು ಮಾಡಿದ್ದು ಖರೆ, ಆದರೆ ಅದು ನಿಮಗಲ್ಲ. ಅದು ನೀಲವ್ವನಿಗೆ — ನನ್ನ ಅತ್ತೆಗೆ.

ಮೊದಲಿನಿಂದ ಹೇಳುತ್ತೇನೆ.

ನನ್ನ ತವರು ಇಳಕಲ್. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳೆಂದು ಬಾಗಲಕೋಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಗಂಡ ಬಸಪ್ಪ ಸೊಲ್ಲಾಪುರದ ಮಿಲ್ಲಿನಲ್ಲಿದ್ದ. ಹಬ್ಬಕ್ಕೆ ಹುಣ್ಣಿಮೆಗೆ ಬಂದು ಹೋಗುವ ಸಂಸಾರ ನಮ್ಮದು. ಮಕ್ಕಳಿರಲಿಲ್ಲ. ಮನೆಯಲ್ಲಿದ್ದದ್ದು ನಾನು ಮತ್ತು ಅತ್ತೆ.

ಅತ್ತೆ ಎಂಥವಳೆಂದು ನಿಮಗೆ ತಿಳಿಯಬೇಕು. ಚಲೇಜಾವ್ ಚಳವಳಿಯ ದಿನಗಳಲ್ಲಿ ಪೊಲೀಸರು ಹುಡುಕುತ್ತಿದ್ದ ಹುಡುಗರನ್ನು ಮನೆಯ ಅಂಗಳದ ಹಗೇವಿನಲ್ಲಿ — ಜೋಳ ತುಂಬಿಡುವ ನೆಲದೊಳಗಿನ ಕಣಜದಲ್ಲಿ — ಇಳಿಸಿ, ಮೇಲೆ ಕಲ್ಲು ಮುಚ್ಚಿ, ಅದರ ಮೇಲೆ ಕೂತು ಕಾಳು ಹಸನು ಮಾಡುತ್ತ ಫೌಜದಾರನಿಗೆ ಮಜ್ಜಿಗೆ ಕೊಟ್ಟು ಕಳಿಸಿದವಳು. ಆಗಲೇ ಆಕೆ ವಿಧವೆ. ಏಕೀಕರಣದ ಕೂಗೆದ್ದಾಗ ಓಣಿಯ ಹೆಂಗಸರನ್ನು ಮನೆಯಿಂದ ಹೊರಗೆ ತಂದವಳೂ ಆಕೆಯೇ. ಹಾಡು ಕಲಿಸಿದೆ, ಮೆರವಣಿಗೆ ಮಾಡಿಸಿದೆ ಎಂದು ಹೆಸರು ನನಗೆ ಬಂತು. ನಾನು ಪುಸ್ತಕ ಹಿಡಿದು ಹಾಡು ಹೇಳಿಕೊಟ್ಟೆ, ಅಷ್ಟೇ. ಹೆಂಗಸರು ಬಂದದ್ದು ನೀಲವ್ವನ ಮಾತಿಗೆ.

ನವೆಂಬರ್ ಒಂದರ ಕಾರ್ಯಕ್ರಮ ಗೊತ್ತುಮಾಡಲು ಶಾಲೆಯಲ್ಲಿ ಸಭೆ ಸೇರಿತ್ತು. ಉತ್ಸವ ಸಮಿತಿಯ ಮುಂದಾಳು ಒಬ್ಬ ವಕೀಲರು, ಹಿಂದೆ ನಮ್ಮ ಹಗೇವಿನಲ್ಲಿ ಅಡಗಿದ್ದ ಹುಡುಗರ ಪೈಕಿ ಒಬ್ಬರು. ಅವರೇ ಮೊದಲು ಮಾತೆತ್ತಿದರು.

“ಮೊದಲನೇ ಆರತಿ ನೀಲವ್ವನ ಕೈಲೆ ಮಾಡಸೂಣ. ಆಕಿಗಿಂತ ಹಕ್ಕಿನಾಕಿ ಯಾರದಾರ?”

ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಬಾಯಿ ತೆರೆದವಳು ನಾನು.

“ಮಂಗಳ ಕಾರ್ಯದಾಗ ಚಲೋ ಕಾಣೂದಿಲ್ಲರಿ. ಐದು ಮಂದಿ ಮುತ್ತೈದೇರು ಇರ್ಲಿ.”

ಸಭೆ ನಿಟ್ಟುಸಿರು ಬಿಟ್ಟಿತು. ತಾವು ಹೇಳಬೇಕಾದದ್ದನ್ನು ಸೊಸೆಯೇ ಹೇಳಿದಳಲ್ಲ ಎಂದು ಎಲ್ಲರಿಗೂ ಹಗುರಾಯಿತು. ಐವರಲ್ಲಿ ಮೊದಲ ತಾಟು ಯಾರು ಹಿಡಿಯಬೇಕೆಂಬ ಪ್ರಶ್ನೆಗೆ ಎಲ್ಲರೂ ನನ್ನ ಕಡೆ ನೋಡಿದರು. ನಾನು ಬೇಡವೆನ್ನಲಿಲ್ಲ. ಬೇಡವೆನ್ನಬೇಕೆಂಬ ಮನಸ್ಸೂ ಇರಲಿಲ್ಲ — ಅದನ್ನೂ ಹೇಳಿಬಿಡುತ್ತೇನೆ. ನನಗೆ ಆ ತಾಟು ಬೇಕಾಗಿತ್ತು. ಅಷ್ಟು ವರ್ಷ ಕೂಗಿ ಕೂಗಿ ಗಂಟಲು ಹರಿದುಕೊಂಡದ್ದಕ್ಕೆ ಒಂದು ದಿನ ಮುಂದೆ ನಿಲ್ಲುವ ಆಸೆ.

ಮನೆಗೆ ಬಂದು ಅತ್ತೆಗೆ ಇನ್ನೊಂದು ಬಗೆಯಾಗಿ ಹೇಳಿದೆ.

“ಅತ್ತೀ, ಐದು ಮಂದಿ ಮುತ್ತೈದೇರು ಬೇಕಂತ ಸಮಿತಿಯವರು ಅಂದಾರ. ನೀವು ಹಾಡೂ ಸಾಲಿನ್ಯಾಗ ನಿಂದರ್ರಿ.”

“ನಿಂದರ್ತೇನಿ ಬಿಡವಾ. ಹಾಡಾಕ ಕುಂಕಮ ಬೇಕಾಗೂದಿಲ್ಲಲ್ಲ,” ಎಂದು ನಕ್ಕಳು.

ಆ ವರ್ಷ ರಾಜ್ಯ ಒಂದಾದದ್ದೂ ದೀಪಾವಳಿಯೂ ಒಟ್ಟಿಗೇ ಬಂದಿದ್ದವು. ಪಾಡ್ಯದ ದಿನ ಗಂಡಸರಿಗೆ ಎಣ್ಣೆ ಹಚ್ಚಿ ಎರೆದು ಆರತಿ ಮಾಡುವುದು ನಮ್ಮ ಕಡೆಯ ಪದ್ಧತಿ. ಅದಕ್ಕೆ ಬರುತ್ತೇನೆಂದು ಬಸಪ್ಪ ಹೇಳಿ ಕಳಿಸಿದ್ದ. “ನೀ ಕರ್ನಾಟಕ ತಗೋ, ನನಗ ಬೊಂಬಾಯಿ ರಾಜ್ಯದಾಗ ಬಿಟ್ಟುಬಿಡು” ಎಂದು ಹಿಂದಿನ ಸಲ ಬಂದಾಗ ಚೇಷ್ಟೆ ಮಾಡಿದ್ದ. ಸೊಲ್ಲಾಪುರ ಆ ಕಡೆಗೇ ಉಳಿಯುವುದು ಆಗಲೇ ಖಾತ್ರಿಯಾಗಿತ್ತು. ಅತ್ತೆ ಕರ್ಚಿಕಾಯಿ ಮಾಡಿ ಡಬ್ಬಿ ತುಂಬಿಟ್ಟಿದ್ದಳು, ಮಗ ಬರುವವರೆಗೆ ಯಾರೂ ಮುಟ್ಟಬಾರದೆಂದು ನನಗೂ ತಾಕೀತು ಮಾಡಿದ್ದಳು.

ನವೆಂಬರ್ ಒಂದರ ನಸುಕಿನಲ್ಲೇ ಶಾಲೆಯ ಅಂಗಳಕ್ಕೆ ಹೋಗಿ ಚಪ್ಪರದ ಮುಂದೆ ರಂಗೋಲಿ ಹಾಕುತ್ತಿದ್ದೆ. ಉಳಿದ ಹೆಂಗಸರು ಇನ್ನೂ ಬಂದಿರಲಿಲ್ಲ. ಯಾರೋ ಬಂದು ರಂಗೋಲಿಯ ಆಚೆ ನಿಂತರು. ತಲೆಯೆತ್ತಿ ನೋಡಿದರೆ ಗುರಪ್ಪ, ಸೊಲ್ಲಾಪುರದಲ್ಲಿ ನನ್ನ ಗಂಡನ ಜೊತೆ ಒಂದೇ ಬಾಡಿಗೆ ಖೋಲಿಯಲ್ಲಿ ಇರುತ್ತಿದ್ದವನು. ಎರಡು ಮೂರು ಸಲ ನಮ್ಮ ಮನೆಗೆ ಬಂದು ಉಂಡು ಹೋಗಿದ್ದ, ಅಣ್ಣನ ಹೆಂಡತಿಯೆಂದು ನನ್ನನ್ನು ವೈನಿ ಎಂದೇ ಕರೆಯುತ್ತಿದ್ದ. ರಾತ್ರಿಯ ರೈಲುಗಾಡಿಯಿಂದ ಇಳಿದು ಮನೆಯ ಕಡೆ ಹೊರಟವನು ದಾರಿಯಲ್ಲಿ ನನ್ನನ್ನು ಕಂಡು ನಿಂತಿದ್ದ. ಕೈಯಲ್ಲಿ ಚೀಲ. ಮುಖ ಬಿಳಿಚಿತ್ತು.

“ವೈನಿ… ಬಸಣ್ಣ ಹೋದ್ನರಿ. ನಿನ್ನಿ ಸಂಜೀಕ ಎದಿ ಹಿಡಕೊಂಡು ಕುಂತಾಂವ ಏಳಲಿಲ್ಲ.”

ನನ್ನ ಕೈಯಲ್ಲಿ ರಂಗೋಲಿಯ ಪುಡಿ ಹಾಗೇ ಇತ್ತು. ನಾನು ಕೂಗಲಿಲ್ಲ, ಅಳಲಿಲ್ಲ. ಏನು ಮಾಡಿದೆ — ಅರ್ಧ ಹಾಕಿದ್ದ ಎಳೆಯನ್ನು ಪೂರ್ತಿ ಮಾಡಿದೆ. ಯಾಕೆಂದು ಕೇಳಬೇಡಿ. ಕೈ ತಾನೇ ಮಾಡಿತು.

“ಖೋಲಿ ಹುಡುಗರು ಇವತ್ತ ದೀಪಾ ಹಚ್ಚೂ ಹೊತ್ತಿನ ತನಕ ಬಸಣ್ಣನ್ನ ಇಟ್ಟುಕೊಂಡಿರ್ತೇವಿ ಅಂದಾರ. ಒಂಬತ್ತರ ಗಾಡಿಗೆ ಅವ್ವನ್ನ ಕರಕೊಂಡು ಹೊಂಡ್ರಿ. ಅವ್ವಗ ಹ್ಯಾಂಗ ಹೇಳೂದ ಅನ್ನೂದ ನನಗ ತಿಳೀವಲ್ದು,” ಎಂದ ಗುರಪ್ಪ. ಆಗ ಅವನಿಗೆ ಅಳು ಬಂತು.

ಒಂಬತ್ತರ ಗಾಡಿ. ಆರತಿ ಇದ್ದದ್ದು ಹತ್ತರ ಮೇಲೆ. ಹುಬ್ಬಳ್ಳಿಯಿಂದ ಮುಖಂಡರು ಬಂದಿಳಿದ ಮೇಲೆ.

ಗಾಡಿ ಹಿಡಿದರೆ ಸಂಜೆಯ ಒಳಗೆ ಸೊಲ್ಲಾಪುರ. ನಮ್ಮ ಲಿಂಗವಂತರಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಮುಖ ಎಲ್ಲರಿಗೂ ಕಾಣುವ ಹಾಗೆ ಇಟ್ಟಿರುತ್ತಾರೆ. ಮಣ್ಣಿಗೆ ಇಳಿಸುವ ಮುಂಚೆ ಹೆತ್ತವಳು ಬಂದು ಒಮ್ಮೆ ಆ ಹಣೆ ಮುಟ್ಟುತ್ತಾಳೆ. ಇದೆಲ್ಲ ಆ ಕ್ಷಣದಲ್ಲಿ ನನ್ನ ಕಣ್ಣ ಮುಂದೆ ಬಂತು. ಬರಲಿಲ್ಲ ಎಂದು ನಾನು ಹೇಳಿದರೆ ಅದೂ ಇನ್ನೊಂದು ಸುಳ್ಳಾಗುತ್ತದೆ. ಅದರ ಜೊತೆಗೇ ಇನ್ನೊಂದೂ ಬಂತು: ಈಗ ಬಾಯಿ ಬಿಟ್ಟರೆ ಈ ತಾಟು ನನ್ನ ಕೈಗೆ ಇನ್ನು ಈ ಜನ್ಮದಲ್ಲಿ ಬರುವುದಿಲ್ಲ. ಚಲೋ ಕಾಣುವುದಿಲ್ಲ ಎಂದು ನಾನೇ ಆಡಿದ ಮಾತು ನನ್ನ ಮೇಲೆಯೇ ಬಂದು ಕೂರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಯಾರ ಮೇಲೆ — ಸತ್ತ ಗಂಡನ ಮೇಲೆಯೋ, ಹಣೆ ನೋಡಿ ಜಾಗ ತೋರಿಸುವ ಊರಿನ ಮೇಲೆಯೋ, ಸಭೆಯಲ್ಲಿ ಹಾಗೆ ಅಂದಿದ್ದ ನನ್ನ ಮೇಲೆಯೋ — ಈಗಲೂ ಬಿಡಿಸಿ ಹೇಳಲಾರೆ. ಒಂದು ದಿನ ತಡೆದು ಸಾಯಲಿಕ್ಕೆ ಏನಾಗಿತ್ತು ಇವನಿಗೆ, ಎಂದುಕೊಂಡೆ. ಅದೂ ನನ್ನದೇ ಮನಸ್ಸು.

“ಗುರಪ್ಪ, ಇವತ್ತ ಸಂಜಿ ತನಕ ಬಾಯಿ ಬಿಡಬ್ಯಾಡ್ರಿ,” ಎಂದೆ.

ಅವನಿಗೆ ಅರ್ಥವಾಗಲಿಲ್ಲ.

“ಹೊಳಿ ದಂಡಿಗೆ ಹೋಗಿ ಕುಂದರ್ರಿ. ಯಾರ ಕಣ್ಣಿಗೂ ಬೀಳಬ್ಯಾಡ್ರಿ. ದೀಪಾ ಹಚ್ಚಿದ ಮ್ಯಾಲ ಮನಿಗೆ ಬರ್ರಿ. ಏನ ಹೇಳಬೇಕು ಅನ್ನೂದನ್ನ ಆವಾಗ ನಾ ಹೇಳ್ತೇನಿ.”

“ವೈನಿ, ಅವ್ವ ಮಾರಿ ನೋಡೂದ ಬ್ಯಾಡೇನ್ರಿ?”

ಅಷ್ಟರಲ್ಲಿ ತುಳಸಿಗೇರಿಯಿಂದ ಬಂದ ಹೆಂಗಸರ ಗುಂಪು ಹಾಡುತ್ತ ಅಂಗಳಕ್ಕೆ ಕಾಲಿಟ್ಟಿತು. ನಾನು ಎದ್ದು ಅವರ ಕಡೆ ಹೋದೆ. ಹಿಂದಿರುಗಿ ನೋಡಿದಾಗ ಗುರಪ್ಪ ಇರಲಿಲ್ಲ.

ಗಾಡಿಯ ಸೀಟಿ ನನಗೆ ಕೇಳಿಸಿತು. ಅತ್ತೆ ಆಗ ನನ್ನ ಪಕ್ಕದಲ್ಲೇ ನಿಂತು ಬತ್ತಿಗಳಿಗೆ ಎಣ್ಣೆ ಹಾಕುತ್ತಿದ್ದಳು. “ಪಾಡ್ಯಕ್ಕ ಇದ ಗಾಡಿಗೆ ಬರ್ತಾನಲ್ಲ ಬಸ್ಯಾ?” ಎಂದಳು. ಸೊಲ್ಲಾಪುರದ ಕಡೆ ಹೋಗುವ ಗಾಡಿ ಅದು, ಅಲ್ಲಿಂದ ಬರುವುದಲ್ಲ. ಅತ್ತೆಗೆ ಗಾಡಿಗಳ ಲೆಕ್ಕ ತಿಳಿಯುತ್ತಿರಲಿಲ್ಲ. ಹೂಂ ಎಂದೆ.

ಆಮೇಲಿನದು ನೀವು ಕೇಳಿದಂತೆಯೇ. ತಾಟು ಎತ್ತಿದೆ. ಹಣತೆಗಳು ಒಂದೂ ಆರಲಿಲ್ಲ. ಪಟ ಕೆಳಗೆ ಬೀಳಲಿಲ್ಲ, ಆಕಾಶ ಹರಿಯಲಿಲ್ಲ, ತಾಯಿ ಮುಖ ತಿರುಗಿಸಲಿಲ್ಲ. ವಿಧವೆ ಆರತಿ ಎತ್ತಿದರೆ ಏನಾಗುತ್ತದೆ ಎಂದು ಕೇಳುವವರಿಗೆ ನನ್ನ ಉತ್ತರ ಇದು — ಏನೂ ಆಗುವುದಿಲ್ಲ. ನಾನು ಮಾಡಿ ನೋಡಿದ್ದೇನೆ. ಜನ ಜೈಕಾರ ಹಾಕಿದರು, ಮುಖಂಡರು ಕೈ ಮುಗಿದರು, ಹಿಂದಿನ ಸಾಲಿನಲ್ಲಿ ಅತ್ತೆ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದಳು. ಆ ದನಿ ಮಾತ್ರ ಬೆನ್ನಿಗೆ ಬಂದು ಬಡಿಯುತ್ತಿತ್ತು.

ಮಧ್ಯಾಹ್ನ ಹೊಳೆಯ ದಂಡೆಗೆ ಹೋದೆ. ಗುರಪ್ಪ ಕಲ್ಲಿನ ಮೇಲೆ ಕೂತಲ್ಲೇ ಕೂತಿದ್ದ. ಬುತ್ತಿ ಕೊಟ್ಟರೆ ಮುಟ್ಟಲಿಲ್ಲ. ಅಲ್ಲಿಯೇ ಅವನಿಗೆ ಕತೆ ಹೇಳಿಕೊಟ್ಟೆ, ಶಾಲೆಯ ಮಕ್ಕಳಿಗೆ ಪಾಠ ಒಪ್ಪಿಸುವುದನ್ನು ಕಲಿಸುವ ಹಾಗೆ: ಕಾಲರಾ ಆಗಿತ್ತು, ಇವತ್ತು ಹೊತ್ತು ಏರಿದ ಮೇಲೆ ಜೀವ ಹೋಯಿತು, ದವಾಖಾನೆಯವರು ಇಟ್ಟುಕೊಳ್ಳಗೊಡಲಿಲ್ಲ, ಕೂಡಲೇ ಮಣ್ಣು ಮಾಡಿಸಿದರು, ಅದನ್ನು ಮುಗಿಸಿ ಸಿಕ್ಕ ಗಾಡಿಗೆ ಬಂದೆ. ಅವನು ತಲೆ ತಗ್ಗಿಸಿ ಕೇಳಿದ. ನನ್ನ ಮುಖ ಒಮ್ಮೆಯೂ ನೋಡಲಿಲ್ಲ.

ದೀಪ ಹಚ್ಚಿದ ಮೇಲೆ ಬಂದು ಹಾಗೆಯೇ ಒಪ್ಪಿಸಿದ. ಅತ್ತೆ ಗೋಡೆಗೆ ಆತು ಕೂತಳು. “ಮಾರಿ ನೋಡಾಕೂ ಆಗಲಿಲ್ಲಲ್ಲೋ ಗುರಪ್ಪಾ,” ಎಂದಳು. ಅವನು ನನ್ನ ಕಡೆ ನೋಡಿದ. ನಾನು ಆಗ ಅಳತೊಡಗಿದೆ, ಜೋರಾಗಿ. ಆ ಅಳು ಸುಳ್ಳಾಗಿರಲಿಲ್ಲ. ಬಸಪ್ಪ ನನಗೆ ಬೇಕಾದವನಾಗಿದ್ದ. ಆದರೆ ಅದನ್ನು ಯಾವ ಹೊತ್ತಿಗೆ ಹೊರಗೆ ತಂದೆ ಎಂಬುದು ನನಗೂ ಗುರಪ್ಪನಿಗೂ ಗೊತ್ತಿತ್ತು.

ಒಂದು ಸುಳ್ಳಿನ ಬೆನ್ನಿಗೆ ಇನ್ನೊಂದು. ಅತ್ತೆ ಅದೇ ರಾತ್ರಿ ಸೊಲ್ಲಾಪುರಕ್ಕೆ ಹೊರಟು ನಿಂತಳು. ಮುಖ ಇಲ್ಲದಿದ್ದರೆ ಮಣ್ಣಾದರೂ ನೋಡುತ್ತೇನೆ ಎಂದಳು. ಅಲ್ಲಿಗೆ ಆಕೆ ಹೋದರೆ ಖೋಲಿಯ ಬೇರೆ ಹುಡುಗರು ಬಾಯಿ ಬಿಡುತ್ತಾರೆ. ಕಾಲರಾ ಹಬ್ಬಿದೆಯಂತೆ, ನೀವು ಬರಬೇಡಿ ಎಂದು ಅಡ್ಡ ನಿಂತೆ. ನಾನೊಬ್ಬಳೇ ಹೋದೆ. ಅವರು ಕತ್ತಲಾಗುವವರೆಗೂ ಕಾದು, ಆಮೇಲೆ ಮಣ್ಣು ಮಾಡಿದ್ದರು. “ಅವ್ವ ಬರ್ತಾರಂತ ಭಾಳ ಹೊತ್ತು ಇಟ್ಟಿದ್ವಿರಿ” ಎಂದು ಒಬ್ಬ ಹುಡುಗ ಹೇಳಿದ. ಹಸಿ ಮಣ್ಣಿನ ದಿಬ್ಬದ ಮುಂದೆ ಕೂತು ಬಂದೆ. ಅವನ ಅಂಗಿಯೊಂದನ್ನು ತಂದು ಅತ್ತೆಯ ಕೈಗೆ ಕೊಟ್ಟೆ. ಆಕೆ ಅದನ್ನು ಮೂಸಿ ನೋಡಿ, ಮಡಿಚಿ, ತಲೆದಿಂಬಿನ ಕೆಳಗೆ ಇಟ್ಟುಕೊಂಡಳು. ಗುರಪ್ಪ ಅಂದಿನಿಂದ ನಮ್ಮ ಊರಿಗೆ ಕಾಲಿಡಲಿಲ್ಲ.

ಮುಂದಿನ ವರ್ಷ ಮೊದಲ ವಾರ್ಷಿಕೋತ್ಸವ. ನಾನು ಹಾಡು ಕಲಿಸಬೇಕು, ಮೆರವಣಿಗೆ ನಡೆಸಬೇಕು, ಆದರೆ ಆರತಿಯ ಹೊತ್ತಿಗೆ ಹಿಂದೆ ಸರಿಯಬೇಕು ಎಂದರು. ನಾನು ಸುಮ್ಮನಿರುವ ಹೆಣ್ಣಲ್ಲ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಮಠದಲ್ಲಿ ಕೂತು ತಲೆಯಾಡಿಸುತ್ತೀರಿ, ಚಪ್ಪರಕ್ಕೆ ಬಂದ ಕೂಡಲೇ ಹೆಂಗಸಿನ ಹಣೆ ನೋಡುತ್ತೀರಲ್ಲ ಎಂದು ಸಭೆಯಲ್ಲಿಯೇ ಕೇಳಿದೆ. ವಕೀಲರು ಕನ್ನಡಕ ತೆಗೆದು ಒರೆಸಿಕೊಂಡು ಮೆಲ್ಲಗೆ ಹೇಳಿದರು.

“ಅಕ್ಕೋರ, ಹೋದ ವರ್ಷ ಚಲೋ ಕಾಣೂದಿಲ್ಲ ಅಂದಾವರು ನೀವಽ ಅಲ್ಲೇನ್ರಿ?”

ಹೋಗಿ ಹಿಂದೆ ಕೂತೆ. ಉತ್ಸವದ ದಿನ ವೇದಿಕೆಗೆ ಕರೆದದ್ದು ಅತ್ತೆಯನ್ನು. ಆಕೆ ಕತ್ತು ನೆಟ್ಟಗೆ ಮಾಡಿಕೊಂಡು, ಒಂದು ಕೈಯಿಂದ ಸೆರಗು ಹಿಡಿದು, ಮೊದಲ ಸಲ ಆ ಕತೆಯನ್ನು ಹೇಳಿದಳು: “ನನ್ನ ಮಗಾ ತಾಯಿ ಆರತಿ ಮುಗಿಯೂ ತನಕ ಜೀವಾ ಹಿಡಕೊಂಡಿದ್ದ. ಹೇಣ್ತಿ ಕುಂಕಮಕ್ಕ ಕುಂದ ಬರಬಾರದಂತ ತಡದ. ಆಮ್ಯಾಲ ಬಿಟ್ಟ.” ಜನ ಎದ್ದು ನಿಂತರು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಹೊತ್ತು ಏರಿದ ಮೇಲೆ ಜೀವ ಹೋಯಿತು ಎಂದಷ್ಟೇ ಹೇಳಿಸಿದ್ದೆ. ಉಳಿದದ್ದನ್ನು ಆಕೆ ತಾನೇ ನೇಯ್ದುಕೊಂಡಿದ್ದಳು, ಮಗನ ಸಾವನ್ನು ಹೊರಲು ಆಕೆಗೂ ಏನೋ ಒಂದು ಬೇಕಾಗಿತ್ತಲ್ಲ.

ಅದರ ಮುಂದಿನ ವರ್ಷ ಹುನಗುಂದದಿಂದ, ಬಾದಾಮಿಯಿಂದ ಜನ ಬಂದರು, ನೀಲವ್ವನ ಬಾಯಿಂದಲೇ ಕೇಳಬೇಕೆಂದು. ಇಳಕಲ್ಲಿನ ನನ್ನ ತವರಿನವರು ತಾವು ಎಂಥ ಮಗಳನ್ನು ಹೆತ್ತೆವೆಂದು ಹೇಳಿಕೊಂಡು ಓಡಾಡಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದೆ. ಹೊರಗೆ ಆರತಿಗಾಗಿ ಜಗಳ, ಒಳಗೆ ಇದು. ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡು ಶಾಲೆಗೆ ಹೋಗಿ ಮಕ್ಕಳಿಗೆ ಸತ್ಯ ಹೇಳಬೇಕೆಂದು ಪಾಠ ಮಾಡುತ್ತಿದ್ದೆ.

ಮೂರನೆಯ ವರ್ಷ, ಐವತ್ತೊಂಬತ್ತರಲ್ಲಿ, ವಕೀಲರು ಸಮಿತಿಯ ಇಬ್ಬರನ್ನು ಕರೆದುಕೊಂಡು ಮನೆಗೆ ಬಂದರು. ನನ್ನ ವಾದ ಗೆದ್ದಿತ್ತು. ಈ ಸಲ ಮುತ್ತೈದೆ, ವಿಧವೆ ಎಂಬ ಭೇದ ಬೇಡ, ಮೊದಲ ತಾಟನ್ನು ಶಾಂತವ್ವನೇ ಎತ್ತಲಿ, ವಿಭೂತಿಯ ಹಣೆಯಲ್ಲೇ ಎತ್ತಲಿ ಎಂದು ಗೊತ್ತುಮಾಡಿದ್ದರು. ನಾನು ಮೂರು ವರ್ಷ ಗುದ್ದಾಡಿದ್ದೇ ಇದಕ್ಕಾಗಿ.

ಅತ್ತೆ ಪಡಸಾಲೆಯಲ್ಲಿ ಮೊರ ಹಿಡಿದು ಸಜ್ಜೆ ಹಸನು ಮಾಡುತ್ತಿದ್ದಳು. ಅವರು ಹೋದ ಮೇಲೆ ನನ್ನ ಕಡೆ ನೋಡಿ ನಕ್ಕಳು.

“ಹಿಡಿಯವಾ. ನನ್ನ ಬಸ್ಯಾ ಕಾಯ್ದ ಕೊಟ್ಟ ಆರತಿ ಅದು.”

ಆ ಮಾತಿಗೆ ನಾನು ತಡೆದುಕೊಳ್ಳಲಾರದೆ ಹೋದೆ. ಬೇರೆ ಯಾವ ಮಾತನ್ನು ಆಡಿದ್ದರೂ ಮತ್ತೊಂದು ವರ್ಷ ನುಂಗಿಕೊಳ್ಳುತ್ತಿದ್ದೆನೋ ಏನೋ. ಆಕೆಯ ಮುಂದೆ ನೆಲಕ್ಕೆ ಕೂತೆ. ಹೇಳಿದೆ. ಎದೆ ಹಿಡಿದುಕೊಂಡು ಕೂತದ್ದು, ಹಿಂದಿನ ಸಂಜೆಯೇ ಹೋದದ್ದು, ನಸುಕಿನಲ್ಲಿ ಗುರಪ್ಪ ಬಂದದ್ದು, ಒಂಬತ್ತರ ಗಾಡಿ, ಹೊಳೆಯ ದಂಡೆ, ಇಲ್ಲದ ಕಾಲರಾ — ಒಂದನ್ನೂ ಬಿಡದೆ ಹೇಳಿದೆ. ಮೊದಲ ಸಭೆಯಲ್ಲಿ ಆಕೆ ಬೇಡವೆಂದವಳೂ ನಾನೇ ಎಂದು ಹೇಳಿದೆ.

ಅತ್ತೆಯ ಕೈ ಮೊರದಲ್ಲೇ ನಿಂತಿತ್ತು.

“ಅಂದ್ರ ಆ ಗಾಡಿಗೆ ಹೋಗಿದ್ರ, ನಾ ಅವನ ಮಾರಿ ನೋಡತಿದ್ನಿ?”

“ಹೌದ್ರಿ.”

“ಹಣೀಗೆ ವಿಭೂತಿ ಹಚ್ಚತಿದ್ನಿ?”

“ಹೌದ್ರಿ ಅತ್ತೀ.”

“ಕಾಯ್ದಿದ್ರೇನು ಅವರು?”

“ಕತ್ತಲಾಗೂ ತನಕ ಕಾಯ್ದಿದ್ರಂತ.”

ಆಕೆ ಬಯ್ಯುತ್ತಾಳೆ, ಮೊರದಿಂದ ಬಡಿಯುತ್ತಾಳೆ ಎಂದುಕೊಂಡೆ. ಬಡಿದಿದ್ದರೆ ಚೆನ್ನಾಗಿತ್ತು. ಮತ್ತೆ ಸಜ್ಜೆಯಲ್ಲಿ ಕೈಯಾಡಿಸಿದಳು, ಒಂದು ಹರಳು ಆರಿಸಿ ಹೊರಗೆಸೆದಳು.

“ಊರಿಗೆ ಹೇಳಬ್ಯಾಡ,” ಎಂದಳು ಕೊನೆಗೆ. “ಆ ಕತಿ ಊರಿಂದಲ್ಲ, ನಿಂದೂ ಅಲ್ಲ. ನಂದು. ನಾ ಇರೂ ತನಕ ಅದು ಹಂಗ ಇರ್ಲಿ. ನನ್ನ ಕಡೆ ಬ್ಯಾರೆ ಏನೂ ಉಳದಿಲ್ಲ.”

ಆಮೇಲೂ ಆಕೆ ನನ್ನ ಜೊತೆ ಮಾತು ಬಿಡಲಿಲ್ಲ. ಉಪ್ಪು ಸಾಕೇ, ಕಟ್ಟಿಗೆ ಮುಗಿದಿದೆ, ಶಾಲೆಯಿಂದ ಯಾಕೆ ತಡ — ಎಲ್ಲವನ್ನೂ ಆಡುತ್ತಿದ್ದಳು. ಮಾತಿನ ಕೊನೆಗೆ ಅಕ್ಕರೆಯಿಂದ ‘ಅವಾ’ ಎನ್ನುವುದನ್ನು ಮಾತ್ರ ಬಿಟ್ಟಳು.

ನವೆಂಬರ್ ಒಂದು ಬಂತು. ಚಪ್ಪರ, ಪಟ, ಜನ. ಹಣೆಗೆ ವಿಭೂತಿ ಧರಿಸಿ, ಬಿಳಿ ಸೀರೆಯುಡದೆ, ತವರಿನ ಇಳಕಲ್ ಸೀರೆಯನ್ನೇ ಉಟ್ಟು ಮುಂದೆ ಹೋದೆ. ಗುಜುಗುಜು ಎದ್ದಿತು. ಯಾರೋ ಮುದುಕ ಎದ್ದು ಹೊರಗೆ ಹೋದ. ಹೋಗಲಿ. ನಾನು ತಾಟಿಗೆ ಕೈ ಹಾಕಿದೆ. ಯಾರು ಏನೇ ಅಂದಿದ್ದರೂ ಅದನ್ನು ಇಳಿಸುತ್ತಿರಲಿಲ್ಲ ನಾನು, ಅಷ್ಟು ಛಲ ಬಂದಿತ್ತು.

ಹಾಡುವ ಸಾಲಿನಿಂದ ಅತ್ತೆ ಮುಂದೆ ಬಂದಳು. ಆಶೀರ್ವಾದ ಮಾಡಲು ಬಂದಳೆಂದು ಜನ ದಾರಿ ಬಿಟ್ಟರು. ನನ್ನ ಹತ್ತಿರ ನಿಂತು, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು.

“ಇಳಸು. ನೀ ಒಮ್ಮೆ ಎತ್ತೀದಿ.”

ಇಳಿಸಿದೆ.

ಆಕೆ ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು ತಾಟನ್ನು ತಾನೇ ಎತ್ತಿದಳು. ಬರಿಗೈ, ಬೋಳು ಹಣೆ, ಆ ವಯಸ್ಸು. ಪಟದ ಮುಖದ ಮುಂದೆ ತಾಟು ತರುವಾಗ ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತಿತು, ಯಾರದೋ ಮುಖವನ್ನು ಬೆಳಕಿನಲ್ಲಿ ಸರಿಯಾಗಿ ನೋಡುವವಳ ಹಾಗೆ. ಆಮೇಲೆ ತಾಟಿನ ಅಂಚಿನಲ್ಲಿದ್ದ ವಿಭೂತಿಯನ್ನು ಬೆರಳಿಗೆ ತೆಗೆದುಕೊಂಡು ಪಟದ ಹಣೆಗೆ ಹಚ್ಚಿದಳು. ದೇವಿಯ ಪಟಕ್ಕೆ ಕುಂಕುಮ ಹಚ್ಚುವುದು ರೂಢಿ. ಮುದುಕಿ ಮರೆತಳು ಎಂದುಕೊಂಡರು ಜನ. ಮರೆತಿರಲಿಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ.

ಚಪ್ಪಾಳೆ ಬಿತ್ತು. ಅತ್ತೆಗೆ ಹಿರಿತನ ಬಿಟ್ಟುಕೊಟ್ಟ ಸೊಸೆ ಎಂದು ನನ್ನನ್ನೂ ಹೊಗಳಿದರು. ಅದನ್ನೂ ನಿಮ್ಮ ಕತೆಗೆ ಸೇರಿಸಿಕೊಂಡಿರಿ. ಮುಂದಿನ ವರ್ಷಗಳಲ್ಲಿ ನಮ್ಮ ಊರಿನಲ್ಲಿ ವಿಧವೆಯರು ಆರತಿ ಎತ್ತಿದರು, ಯಾರೂ ತಡೆಯಲಿಲ್ಲ. ಆ ದಾರಿ ತೆರೆದವಳು ನೀಲವ್ವ. ನನ್ನ ಹೆಸರನ್ನು ಅಲ್ಲಿಂದ ತೆಗೆದುಬಿಡಿ.

ಆಕೆ ಬದುಕಿರುವವರೆಗೆ ಮಾತು ಉಳಿಸಿಕೊಂಡೆ. ಈಗ ಆಕೆ ಇಲ್ಲ. ಕೊನೆಯ ದಿನಗಳಲ್ಲಿ ನಾನೇ ಎತ್ತಿ ಕೂರಿಸಿದೆ, ನಾನೇ ಗಂಜಿ ಕುಡಿಸಿದೆ, ಹಣೆಗೆ ವಿಭೂತಿ ಹಚ್ಚಿದವಳೂ ನಾನೇ. ಹೇಳಬೇಕಾದ ಮಾತನ್ನು ಹೇಳಲು ಎಷ್ಟೋ ಹಗಲುಗಳಿದ್ದವು. ನಾನು ನಡೆದದ್ದನ್ನೆಲ್ಲ ಆಕೆಗೆ ಹೇಳಿದ್ದೆ, ಒಪ್ಪಿಕೊಂಡಿದ್ದೆ, ಕೇಳಿದ್ದಕ್ಕೆಲ್ಲ ಹೌದೆಂದಿದ್ದೆ. ತಪ್ಪಾಯಿತು ಅತ್ತೀ ಎಂದು ಮಾತ್ರ ಒಂದು ಸಲವೂ ಅನ್ನಲಿಲ್ಲ. ಊರಿಗೆ ಬಾಗದ ತಲೆ ಎಂದು ಮೆರೆದವಳು ನಾನು. ಆ ತಲೆ ಆಕೆಯ ಮುಂದೆಯೂ ಬಾಗಲಿಲ್ಲ.